ಓದುಗರ ಪ್ರಶ್ನೆ: ಹಾಡು ಕಟ್ಟಿ, ಹಾಡಿ, ನಟಿಸಿದ ಕ್ರಿಸ್ಟೋಫರ್‌ಸನ್

ಅಮೆರಿಕದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಕಂಟ್ರಿ ಸಂಗೀತದ ಗೀತರಚನಕಾರ, ಗಾಯಕ ಹಾಗೂ ಚಲನಚಿತ್ರ ನಟ ಕ್ರಿಸ್ ಕ್ರಿಸ್ಟೋಫರ್‌ಸನ್ ಅವರ ಬಗ್ಗೆ ಬಂದಿರುವ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಒಂದರ ಉತ್ತರ ಇನ್ನೊಂದಕ್ಕೆ ಬೇಕಾಗುವುದರಿಂದ ಕ್ರಮವಾಗಿ ಓದಿಕೊಂಡು ಹೋಗಬೇಕೆಂದು ಕೋರುತ್ತೇನೆ.

ಪ್ರಶ್ನೆ: ಆಕ್ಸ್‌ಫರ್ಡ್‌ನಲ್ಲಿ ಓದಿ, ಸೇನೆಯಲ್ಲಿ ಅಧಿಕಾರಿಯಾಗಿದ್ದ ಇವರು ಒಂದು ಸ್ಟುಡಿಯೋದಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದ್ದರೆಂದು ಓದಿದೆ. ಇದು ನಿಜವೇ?

ಉತ್ತರ: ನಿಜ. ಕ್ರಿಸ್ಟೋಫರ್‌ಸನ್ ಹುಟ್ಟಿದ್ದು 1936ರ ಜೂನ್ 22ರಂದು, ಟೆಕ್ಸಾಸ್‌ನ ದಕ್ಷಿಣದ ತುದಿಯಲ್ಲಿ ಮೆಕ್ಸಿಕೋ ಗಡಿಗೆ ಅಂಟಿಕೊಂಡಿರುವ ಬ್ರೌನ್ಸ್‌ವಿಲ್‌ನಲ್ಲಿ. ತಂದೆ ವಾಯುಪಡೆಯಲ್ಲಿ ಮೇಜರ್ ಜನರಲ್ ಹುದ್ದೆಯವರೆಗೆ ಏರಿದವರು. ಮಗ ಕ್ಯಾಲಿಫೋರ್ನಿಯಾದ ಪೊಮೋನಾ ಕಾಲೇಜಿನಲ್ಲಿ ಓದಿ, ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡ್‌ನ ಮರ್ಟನ್ ಕಾಲೇಜಿಗೆ ಹೋಗಿ, ಅಲ್ಲಿ ಇಂಗ್ಲಿಷ್ ಸಾಹಿತ್ಯವನ್ನು, ಅದರಲ್ಲಿಯೂ ವಿಲಿಯಂ ಬ್ಲೇಕ್‌ನ ಕಾವ್ಯವನ್ನು ಮನಸ್ಸಿಟ್ಟು ಅಭ್ಯಾಸ ಮಾಡಿದರು. ಬಳಿಕ ಭೂಸೇನೆ ಸೇರಿ ಹೆಲಿಕಾಪ್ಟರ್ ಹಾರಿಸುವುದನ್ನು ಕಲಿತು, ಕ್ಯಾಪ್ಟನ್ ಆಗಿ, ಆಗಿನ ಪಶ್ಚಿಮ ಜರ್ಮನಿಯಲ್ಲಿ ಸೇವೆ ಸಲ್ಲಿಸಿದರು. 1965ರಲ್ಲಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಇಂಗ್ಲಿಷ್ ಸಾಹಿತ್ಯ ಬೋಧಿಸುವ ಹುದ್ದೆ ಅವರಿಗಾಗಿ ಕಾದಿತ್ತು. ಆದರೆ ಸೇನೆಯಲ್ಲಿದ್ದಾಗಲೇ ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್‌ಗೆ ಒಮ್ಮೆ ಹೋಗಿ, 'ಗ್ರ್ಯಾಂಡ್ ಓಲ್ ಆಪ್ರಿ' ಎಂಬ ಸಂಗೀತ ಕಾರ್ಯಕ್ರಮದ ರಂಗದ ಹಿಂಬದಿಯಲ್ಲಿ ಹೆಸರಾಂತ ಗಾಯಕ ಜಾನಿ ಕ್ಯಾಶ್ ಅವರ ಕೈ ಕುಲುಕಿದ ಆ ಗಳಿಗೆಯಲ್ಲೇ ತಾನು ಇಲ್ಲಿಗೆ ಮರಳಿ ಬರಬೇಕೆಂದು ನಿಶ್ಚಯಿಸಿದ್ದಾಗಿ ಅವರು ಹಲವು ಸಲ ಹೇಳಿಕೊಂಡಿದ್ದಾರೆ. ಸೇನೆಗೆ ರಾಜೀನಾಮೆ ಕೊಟ್ಟರು. ಮನೆಯವರಿಗೆ ಇದು ಸಹಿಸಲಾಗದ ಸಂಗತಿಯಾಯಿತು. ಸಂಬಂಧ ಕಡಿದುಕೊಳ್ಳುವಂಥ ಪತ್ರವನ್ನೇ ತಾಯಿ ಬರೆದರು.

ಸ್ಟುಡಿಯೋ ಕೆಲಸ ಅದಾದ ಮೇಲಿನದು. ನ್ಯಾಶ್‌ವಿಲ್‌ನ ಕೊಲಂಬಿಯಾ ಧ್ವನಿಮುದ್ರಣ ಕೇಂದ್ರದಲ್ಲಿ ನೆಲ ಒರೆಸುವುದು, ಸಿಗರೇಟಿನ ಬೂದಿಬಟ್ಟಲುಗಳನ್ನು ಖಾಲಿ ಮಾಡುವುದು ಅವರ ಪಾಲಿಗೆ ಬಂದ ಕೆಲಸ. 1966ರಲ್ಲಿ ಗಾಯಕ ಬಾಬ್ ಡಿಲನ್ ಅಲ್ಲಿ ತಮ್ಮ ಆಲ್ಬಂ ಧ್ವನಿಮುದ್ರಿಸುತ್ತಿದ್ದಾಗ ಇವರು ಅದೇ ಕಟ್ಟಡದಲ್ಲಿದ್ದರೂ ಮಾತನಾಡಿಸುವ ಧೈರ್ಯ ಮಾಡಲಿಲ್ಲ. ಈ ಘಟನೆಯನ್ನು ಬಡತನದ ಕಥೆಯಾಗಿ ನೋಡುವವರಿದ್ದಾರೆ. ನನಗೆ ಅದು ಶಿಷ್ಯವೃತ್ತಿಯಂತೆ ಕಾಣುತ್ತದೆ. ಹಾಡು ಹೇಗೆ ರೂಪುಗೊಳ್ಳುತ್ತದೆ, ಒಂದು ಸಾಲನ್ನು ಎಲ್ಲಿ ಬಿಡುತ್ತಾರೆ, ಎಲ್ಲಿ ಉಳಿಸಿಕೊಳ್ಳುತ್ತಾರೆ ಎಂಬುದನ್ನು ಗೋಡೆಯಾಚೆ ನಿಂತು ಕೇಳಿಸಿಕೊಳ್ಳುವ ಅವಕಾಶ ಯಾವ ವಿಶ್ವವಿದ್ಯಾಲಯದಲ್ಲಿಯೂ ಸಿಗುವಂಥದ್ದಲ್ಲ.

ಪ್ರಶ್ನೆ: ಜಾನಿ ಕ್ಯಾಶ್ ಮನೆಯ ಅಂಗಳದಲ್ಲಿ ಹೆಲಿಕಾಪ್ಟರ್ ಇಳಿಸಿ ಹಾಡು ಕೊಟ್ಟ ಕಥೆಯನ್ನು ನಂಬಬಹುದೇ?

ಉತ್ತರ: ಇಳಿಸಿದ್ದು ನಿಜ, ಉಳಿದ ವಿವರಗಳಲ್ಲಿ ಕ್ಯಾಶ್ ಅವರ ಕಥನಕಲೆಯೂ ಬೆರೆತಿದೆ. ಕ್ರಿಸ್ಟೋಫರ್‌ಸನ್ ಒಂದು ಕೈಯಲ್ಲಿ ಬಿಯರ್, ಇನ್ನೊಂದು ಕೈಯಲ್ಲಿ ಟೇಪ್ ಹಿಡಿದು ಇಳಿದುಬಂದರೆಂದು ಕ್ಯಾಶ್ ಹೇಳುತ್ತಿದ್ದರು. ಹೆಲಿಕಾಪ್ಟರ್ ಹಾರಿಸಲು ಎರಡು ಕೈಯೂ ಬೇಕು, ಅಷ್ಟೇ ಅಲ್ಲ, ಆ ಹೊತ್ತಿಗೆ ಕ್ಯಾಶ್ ಮನೆಯಲ್ಲೇ ಇರಲಿಲ್ಲ ಎಂಬುದು ಕ್ರಿಸ್ಟೋಫರ್‌ಸನ್ ಅವರ ನೆನಪು. ಆದರೂ ಹಿರಿಯರ ಮಾತನ್ನು ಅಲ್ಲಗಳೆಯಲು ಅವರು ಹೋಗಲಿಲ್ಲ. ಆ ದಿನ ತಂದ ಹಾಡು ಕೂಡ ಮುಂದೆ ಪ್ರಸಿದ್ಧವಾದದ್ದಲ್ಲ, ಯಾರೂ ಧ್ವನಿಮುದ್ರಿಸದೆ ಉಳಿದ ಬೇರೊಂದು ಹಾಡು ಎಂದೂ ಅವರೇ ತಿಳಿಸಿದ್ದಾರೆ.

ಕಥೆಗಿಂತ ಅದರ ಹಿನ್ನೆಲೆ ನನಗೆ ಮುಖ್ಯ. ಆ ಕಾಲದಲ್ಲಿ ಅವರು ಲೂಯಿಸಿಯಾನಾದ ದಕ್ಷಿಣಕ್ಕೆ, ಮೆಕ್ಸಿಕೋ ಕೊಲ್ಲಿಯಲ್ಲಿ ನೆಟ್ಟ ತೈಲಬಾವಿಗಳ ಅಟ್ಟಣೆಗಳಿಗೆ ಹೆಲಿಕಾಪ್ಟರ್‌ನಲ್ಲಿ ಕೆಲಸಗಾರರನ್ನು ಸಾಗಿಸುವ ವೃತ್ತಿಯಲ್ಲಿದ್ದರು. ಅಲ್ಲಿ ಸಂಬಳ ಸಂಪಾದಿಸಿ, ನ್ಯಾಶ್‌ವಿಲ್‌ಗೆ ಬಂದು ಹಾಡುಗಳನ್ನು ಹೊತ್ತು ಅಲೆದು, ಮತ್ತೆ ಸಮುದ್ರಕ್ಕೆ ಮರಳುತ್ತಿದ್ದರು. 'ಹೆಲ್ಪ್ ಮಿ ಮೇಕ್ ಇಟ್ ಥ್ರೂ ದ ನೈಟ್' ಎಂಬ ಹಾಡನ್ನು ಬರೆದದ್ದು ಇಂಥದೊಂದು ಅಟ್ಟಣೆಯ ಮೇಲೆ ಕುಳಿತು. ಸುತ್ತ ನೀರಲ್ಲದೆ ಬೇರೇನೂ ಕಾಣದ ಜಾಗದಲ್ಲಿ ಹುಟ್ಟಿದ್ದರಿಂದಲೋ ಏನೋ, ಬೆಳಗಾಗುವವರೆಗೆ ಜೊತೆಗಿರು ಎಂಬ ಬೇಡಿಕೆಯನ್ನು ಬಿಟ್ಟು ಆ ಹಾಡಿನಲ್ಲಿ ಬೇರೇನೂ ಇಲ್ಲ.

ಪ್ರಶ್ನೆ: ಅವರ ಹಾಡುಗಳೆಲ್ಲ ಬೇರೆಯವರ ಕಂಠದಲ್ಲಿ ಪ್ರಸಿದ್ಧವಾದವು. ಇದರಿಂದ ಅವರಿಗೆ ನಷ್ಟವಾಗಲಿಲ್ಲವೇ? ಅವರ ಧ್ವನಿ ಚೆನ್ನಾಗಿರಲಿಲ್ಲ ಎಂಬುದು ಕಾರಣವೇ?

ಉತ್ತರ: ನ್ಯಾಶ್‌ವಿಲ್‌ನ ವ್ಯವಸ್ಥೆ ತಿಳಿದರೆ ಇದು ನಷ್ಟವಲ್ಲವೆಂದು ಗೊತ್ತಾಗುತ್ತದೆ. ಅಲ್ಲಿ ಹಾಡು ಬರೆಯುವುದೇ ಸ್ವತಂತ್ರ ವೃತ್ತಿ. ಬರೆದವರು ಒಬ್ಬ ಪ್ರಕಾಶಕರೊಂದಿಗೆ ಒಪ್ಪಂದ ಮಾಡಿಕೊಳ್ಳುತ್ತಾರೆ. ಪ್ರಕಾಶಕರು ಆ ಹಾಡನ್ನು ಗಾಯಕರಿಗೆ ಕೇಳಿಸಿ ಧ್ವನಿಮುದ್ರಣಕ್ಕೆ ಒಪ್ಪಿಸುತ್ತಾರೆ. 1909ರ ಕಾನೂನಿನ ಪ್ರಕಾರ ಮಾರಾಟವಾದ ಪ್ರತಿ ಧ್ವನಿಮುದ್ರಿಕೆಯ ಮೇಲೆ ಒಂದು ಹಾಡಿಗೆ 2 ಸೆಂಟ್ ರಾಯಲ್ಟಿ ನಿಗದಿಯಾಗಿತ್ತು. 1978ರವರೆಗೂ ಅದು ಹೆಚ್ಚಲಿಲ್ಲ, ಅದನ್ನೂ ಬರೆದವರು ಮತ್ತು ಪ್ರಕಾಶಕರು ಸಾಮಾನ್ಯವಾಗಿ ಸಮನಾಗಿ ಹಂಚಿಕೊಳ್ಳುತ್ತಿದ್ದರು. ಮೊತ್ತ ಸಣ್ಣದಾದರೂ ಒಂದೇ ಹಾಡನ್ನು ಹತ್ತಾರು ಗಾಯಕರು ಹಾಡಿದರೆ ಪ್ರತಿ ಬಾರಿಯೂ ಅದು ಬರೆದವರಿಗೆ ಸಲ್ಲುತ್ತದೆ. ಇನ್ನೊಂದು ವಿಶೇಷವೆಂದರೆ, ಅಮೆರಿಕದ ಸಾಮಾನ್ಯ ರೇಡಿಯೋದಲ್ಲಿ ಹಾಡು ಪ್ರಸಾರವಾದಾಗ ಗೌರವಧನ ಸಲ್ಲುವುದು ಬರೆದವರಿಗೆ ಮತ್ತು ಪ್ರಕಾಶಕರಿಗೆ ಮಾತ್ರ, ಹಾಡಿದವರಿಗಲ್ಲ. ಆದ್ದರಿಂದ ತನ್ನ ಹಾಡನ್ನು ರೇ ಪ್ರೈಸ್ ಅಥವಾ ಜಾನಿ ಕ್ಯಾಶ್ ಅವರಂಥ ಗಾಯಕರು ಹಾಡುವುದು ಬರೆದವನ ಪಾಲಿಗೆ ಹಬ್ಬವೇ ಸರಿ.

ಧ್ವನಿಯ ವಿಷಯಕ್ಕೆ ಬಂದರೆ, ತಮ್ಮದು ಕಪ್ಪೆಯ ಧ್ವನಿ ಎಂದು ಅವರೇ ಹೇಳುತ್ತಿದ್ದರು. ಮಾನ್ಯುಮೆಂಟ್ ರೆಕಾರ್ಡ್ಸ್‌ನ ಫ್ರೆಡ್ ಫಾಸ್ಟರ್ ಮಾತ್ರ ಆ ಧ್ವನಿಗೆ ಹೇಳಬೇಕಾದ್ದನ್ನು ಮುಟ್ಟಿಸುವ ಶಕ್ತಿಯಿದೆ ಎಂದು ಗುರುತಿಸಿ, ಬರೆಯುವುದಕ್ಕಷ್ಟೇ ಅಲ್ಲದೆ ಹಾಡುವುದಕ್ಕೂ ಒಪ್ಪಂದ ಮಾಡಿಸಿಕೊಂಡರು. ಅವರ ಪ್ರಸಿದ್ಧ ಹಾಡಾದ 'ಮಿ ಅಂಡ್ ಬಾಬಿ ಮೆಕ್‌ಗೀ'ಯ ಶೀರ್ಷಿಕೆಯನ್ನು ಸೂಚಿಸಿದ್ದೂ ಫಾಸ್ಟರ್ ಅವರೇ. ಒಬ್ಬ ಕಾರ್ಯದರ್ಶಿಯ ಮೆಕೀ ಎಂಬ ಹೆಸರನ್ನು ಕ್ರಿಸ್ಟೋಫರ್‌ಸನ್ ಮೆಕ್‌ಗೀ ಎಂದು ಕೇಳಿಸಿಕೊಂಡರು. ಆ ತಪ್ಪು ಕಿವಿಯೇ ಹಾಡಿಗೆ ಹೆಸರು ಕೊಟ್ಟಿತು. ಬಾಬಿ ಎಂಬುದು ಹೆಣ್ಣಿಗೂ ಗಂಡಿಗೂ ಹೊಂದುವ ಹೆಸರು. 1969ರಲ್ಲಿ ರೋಜರ್ ಮಿಲ್ಲರ್ ಮೊದಲು ಹಾಡಿದಾಗ ಅವಳಾಗಿದ್ದ ಬಾಬಿ, ರಾಕ್ ಗಾಯಕಿ ಜ್ಯಾನಿಸ್ ಜಾಪ್ಲಿನ್ ಕಂಠದಲ್ಲಿ ಅವನಾದ. ಜಾಪ್ಲಿನ್ 1970ರ ಅಕ್ಟೋಬರ್ 4ರಂದು ತೀರಿಕೊಂಡರು. ಆಕೆ ತಮ್ಮ ಹಾಡನ್ನು ಹಾಡಿದ್ದಾರೆಂದು ಕ್ರಿಸ್ಟೋಫರ್‌ಸನ್ ಕೇಳಿಸಿಕೊಂಡದ್ದೇ ಆ ಸಾವಿನ ನಂತರ. 1971ರಲ್ಲಿ ಅದು ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅವರ ಬದುಕಿನ ಅತಿ ದೊಡ್ಡ ಯಶಸ್ಸು ಸ್ನೇಹಿತೆಯ ಮರಣದೊಂದಿಗೆ ಹೆಣೆದುಕೊಂಡೇ ಬಂದಿತು ಎಂಬುದನ್ನು ನೆನೆದಾಗಲೆಲ್ಲ ಆ ಹಾಡನ್ನು ಹಗುರಾಗಿ ಕೇಳಲು ನನ್ನಿಂದಾಗುವುದಿಲ್ಲ.

ಪ್ರಶ್ನೆ: ಅವರ ಸಾಹಿತ್ಯದಲ್ಲಿ ಹೊಸತೇನಿತ್ತು? ನನಗೆ ತೀರ ಸರಳವೆನಿಸಿತು.

ಉತ್ತರ: ಆ ಸರಳತೆಯನ್ನೇ ಅವರು ಕಷ್ಟಪಟ್ಟು ಗಳಿಸಿದ್ದು. ಬ್ಲೇಕ್‌ನನ್ನು ಓದಿದ ಯುವಕ ನ್ಯಾಶ್‌ವಿಲ್‌ಗೆ ಬಂದಾಗ ಅಲಂಕಾರಗಳ ಮೂಟೆಯೇ ಜೊತೆಗಿದ್ದಿರಬೇಕು. 'ಸಂಡೇ ಮಾರ್ನಿಂಗ್ ಕಮಿಂಗ್ ಡೌನ್' ಹಾಡಿನಲ್ಲಿ ಅದರ ಸುಳಿವೇ ಸಿಗುವುದಿಲ್ಲ. ರಾತ್ರಿಯಿಡೀ ಕುಡಿದವನು ಭಾನುವಾರ ಬೆಳಿಗ್ಗೆ ತಲೆನೋವಿನೊಂದಿಗೆ ಏಳುತ್ತಾನೆ, ಕೊಳೆಯಾದ ಅಂಗಿಗಳಲ್ಲಿ ಕಡಿಮೆ ಕೊಳೆಯಾದದ್ದನ್ನು ಆರಿಸಿ ತೊಡುತ್ತಾನೆ, ಬೀದಿಗಿಳಿದರೆ ಯಾರದೋ ಮನೆಯಿಂದ ಕೋಳಿ ಕರಿಯುವ ವಾಸನೆ, ಎಲ್ಲೋ ಮಕ್ಕಳ ಪ್ರಾರ್ಥನೆಯ ಹಾಡು, ದೂರದಲ್ಲೊಂದು ಗಂಟೆ. ಒಂಟಿತನ ಎಷ್ಟು ಆಳವೆಂದು ಹೇಳಲು ಅವರು ಒಂದು ಉಪಮೆಯನ್ನು ಹುಡುಕದೆ, ತೊಡುವ ಅಂಗಿಯನ್ನು ತೋರಿಸುತ್ತಾರೆ. ಕುಡಿತ, ವಿರಹಗಳು ಕಂಟ್ರಿ ಸಂಗೀತಕ್ಕೆ ಹೊಸವಲ್ಲ. ಆದರೆ ಆ ಅನುಭವವನ್ನು ಹಾಸ್ಯಕ್ಕೂ ನೀತಿಬೋಧೆಗೂ ಒಪ್ಪಿಸದೆ, ಇದ್ದುದನ್ನು ಇದ್ದ ಹಾಗೆ ಮುಂದಿಡುವುದು ಅಪರೂಪವಾಗಿತ್ತು.

ಕ್ಯಾಶ್ ಅದನ್ನು ತಮ್ಮ ಟೆಲಿವಿಷನ್ ಕಾರ್ಯಕ್ರಮದಲ್ಲಿ ಹಾಡುವಾಗ, ಅಮಲನ್ನು ಸೂಚಿಸುವ ಒಂದು ಪದವನ್ನು ಬದಲಿಸಬೇಕೆಂಬ ಒತ್ತಾಯ ಬಂತು. ಕ್ಯಾಶ್ ಬರೆದಿದ್ದಂತೆಯೇ ಹಾಡಿದರು. 1970ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ಅದನ್ನು ವರ್ಷದ ಹಾಡೆಂದು ಗೌರವಿಸಿತು. ಗಾಯಕಿ ಸ್ಯಾಮಿ ಸ್ಮಿತ್ ಹಾಡಿದ 'ಹೆಲ್ಪ್ ಮಿ' ಕೂಡ ಹೀಗೆಯೇ ಕೆಲವರನ್ನು ಬೆಚ್ಚಿಬೀಳಿಸಿತು. ಹೆಣ್ಣೊಬ್ಬಳು ಮದುವೆಯ ಮಾತೇ ಎತ್ತದೆ ಒಂದು ರಾತ್ರಿಯ ಸಾಂಗತ್ಯವನ್ನು ನೇರವಾಗಿ ಕೇಳುವುದನ್ನು ರೇಡಿಯೋದಲ್ಲಿ ಕೇಳುವ ಅಭ್ಯಾಸ ಆಗಿನವರಿಗೆ ಇರಲಿಲ್ಲ. ಆ ರಚನೆಗೆ ಅವರಿಗೆ ಗ್ರ್ಯಾಮಿ ಪ್ರಶಸ್ತಿ ದೊರೆಯಿತು. ನಿಮ್ಮ ಕಿವಿಗೆ ಇಂದು ಇವು ಸರಳವೆನಿಸುತ್ತಿದ್ದರೆ, ಅವರ ನಂತರ ಬಂದವರೆಲ್ಲ ಅವರಿಂದ ಕಲಿತದ್ದೂ ಅದಕ್ಕೊಂದು ಕಾರಣ.

ಪ್ರಶ್ನೆ: ನಟನಾಗಿ ಅವರು ನಿಜವಾಗಿಯೂ ಒಳ್ಳೆಯವರೇ, ಅಥವಾ ಗಾಯಕನ ಜನಪ್ರಿಯತೆಯೇ ಅವರಿಗೆ ಪಾತ್ರಗಳನ್ನು ತಂದಿತೇ?

ಉತ್ತರ: ಮೊದಲ ಪಾತ್ರಗಳನ್ನು ಜನಪ್ರಿಯತೆ ತಂದಿರಬಹುದು, ಆದರೆ ನಾಲ್ಕು ದಶಕಗಳ ಅವಕಾಶವನ್ನು ಅದೊಂದೇ ಕೊಡಲಾರದು. 1973ರಲ್ಲಿ ಸ್ಯಾಮ್ ಪೆಕಿನ್‌ಪಾ ಅವರ ಚಿತ್ರದಲ್ಲಿ ಬಿಲ್ಲಿ ದ ಕಿಡ್ ಎಂಬ ಕುಖ್ಯಾತ ಬಂದೂಕುಗಾರನಾಗಿ ನಟಿಸಿದರು. ಇತಿಹಾಸದ ಬಿಲ್ಲಿ 21ರ ಹರೆಯದಲ್ಲೇ ಸತ್ತವನು, ಇವರು ಮೂವತ್ತರ ಮಧ್ಯವನ್ನು ದಾಟಿದ್ದವರು. ಹಾಗಿದ್ದೂ ಸೋಲನ್ನು ಮೊದಲೇ ಬಲ್ಲವನ ನಗೆಯೊಂದನ್ನು ಆ ಪಾತ್ರಕ್ಕೆ ತಂದರು. ಅದೇ ಚಿತ್ರದಲ್ಲಿ ಬಾಬ್ ಡಿಲನ್ ಕೂಡ ಇದ್ದರು. ಏಳು ವರ್ಷ ಹಿಂದೆ ಯಾರ ಧ್ವನಿಮುದ್ರಣದ ವೇಳೆ ಕಸ ಗುಡಿಸುತ್ತಿದ್ದರೋ ಅವರ ಪಕ್ಕದಲ್ಲಿ ಈಗ ನಾಯಕನಾಗಿ ನಿಂತಿದ್ದರು. ಮರುವರ್ಷ ಮಾರ್ಟಿನ್ ಸ್ಕೋರ್ಸೇಸಿ ಚಿತ್ರದಲ್ಲಿ ಎಲೆನ್ ಬರ್ಸ್ಟಿನ್ ಎದುರು ಒಬ್ಬ ಸೌಮ್ಯ ರೈತನಾದರು.

1976ರ 'ಎ ಸ್ಟಾರ್ ಈಸ್ ಬಾರ್ನ್' ಚಿತ್ರದಲ್ಲಿ ಬಾರ್ಬ್ರಾ ಸ್ಟ್ರೈಸೆಂಡ್ ಜೊತೆ, ಕುಡಿತದಲ್ಲಿ ಮುಳುಗುತ್ತಿರುವ ರಾಕ್ ಗಾಯಕನ ಪಾತ್ರ ಮಾಡಿ ಗೋಲ್ಡನ್ ಗ್ಲೋಬ್ ಗಳಿಸಿದರು. ಆಗ ಅವರಿಗೂ ಕುಡಿತ ಅಂಟಿಕೊಂಡಿತ್ತು. ತೆರೆಯ ಮೇಲೆ ತಾನು ಸಾಯುವುದನ್ನು, ಉಳಿದವರು ಅಳುವುದನ್ನು ಕಂಡದ್ದು ಕುಡಿತ ಬಿಡಲು ಒಂದು ಕಾರಣವಾಯಿತೆಂದು ಅವರು ಹೇಳಿದ್ದಾರೆ. ನಂತರದ ಪೆಟ್ಟು ದೊಡ್ಡದು. ಮೈಕಲ್ ಚಿಮಿನೋ ಅವರ 'ಹೆವೆನ್ಸ್ ಗೇಟ್' 1980ರಲ್ಲಿ ಸುಮಾರು 4.4 ಕೋಟಿ ಡಾಲರ್ ವೆಚ್ಚದಲ್ಲಿ ತಯಾರಾಗಿ ಅದರ ಹತ್ತನೆಯ ಒಂದು ಭಾಗವನ್ನೂ ಗಳಿಸದೆ ನೆಲಕಚ್ಚಿತು. ನಾಯಕನಾಗಿದ್ದ ಇವರ ಮೇಲೂ ಅದರ ನೆರಳು ಬಿದ್ದಿತು. 2012ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದರ ಪುನರುಜ್ಜೀವಿತ ಪ್ರತಿ ತೆರೆಕಂಡಾಗ ಹೊಸ ಪೀಳಿಗೆ ಅದನ್ನು ಬೇರೆ ಕಣ್ಣಿನಿಂದ ನೋಡಿತು.

ನನ್ನ ಮಟ್ಟಿಗೆ ಅವರ ಶ್ರೇಷ್ಠ ಅಭಿನಯ 1996ರ 'ಲೋನ್ ಸ್ಟಾರ್'ನಲ್ಲಿದೆ. ಜಾನ್ ಸೇಲ್ಸ್ ನಿರ್ದೇಶನದ ಆ ಚಿತ್ರ ನಡೆಯುವುದು ಟೆಕ್ಸಾಸ್–ಮೆಕ್ಸಿಕೋ ಗಡಿಯ ಊರಿನಲ್ಲಿ; ಇವರದು ಅಲ್ಲಿನ ಭ್ರಷ್ಟ, ಕ್ರೂರ ಷೆರಿಫ್ ಚಾರ್ಲಿ ವೇಡ್‌ನ ಪಾತ್ರ. ಧ್ವನಿ ಏರಿಸದೆ, ಕಣ್ಣು ಅಲುಗಿಸದೆ ಭಯ ಹುಟ್ಟಿಸುತ್ತಾರೆ. ಗಡಿಯಲ್ಲೇ ಹುಟ್ಟಿ ಸ್ಪ್ಯಾನಿಷ್ ಕೇಳುತ್ತ ಬೆಳೆದವರಿಗೆ ಅಂಥ ಅಧಿಕಾರದ ಮುಖ ಹೇಗಿರುತ್ತದೆಂದು ಯಾರೂ ಕಲಿಸಬೇಕಾಗಿರಲಿಲ್ಲ. ಹಾಡಿನಲ್ಲಿ ಅಂಗಿಯೊಂದನ್ನು ತೋರಿಸಿ ಸುಮ್ಮನಾಗುವ ಮನುಷ್ಯ ಇಲ್ಲಿ ಒಂದು ನೋಟವನ್ನು ತೋರಿಸಿ ಸುಮ್ಮನಾಗುತ್ತಾರೆ. ಎಳೆಯರು ಅವರನ್ನು ಗುರುತಿಸುವುದು 1998ರಿಂದ ಬಂದ ಮೂರು 'ಬ್ಲೇಡ್' ಚಿತ್ರಗಳಿಂದ.

ಪ್ರಶ್ನೆ: 1992ರಲ್ಲಿ ಅವರು ಶಿನೇಡ್ ಓಕಾನರ್ ಪರವಾಗಿ ವೇದಿಕೆಗೆ ಬಂದ ಪ್ರಸಂಗವೇನು?

ಉತ್ತರ: ಐರ್ಲೆಂಡಿನ ಈ ಗಾಯಕಿ ಟೆಲಿವಿಷನ್‌ನಲ್ಲಿ ಪೋಪ್ ಅವರ ಚಿತ್ರವನ್ನು ಹರಿದು ಎರಡು ವಾರವೂ ಆಗಿರಲಿಲ್ಲ. ಅಕ್ಟೋಬರ್ 16ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಡಿಲನ್ ಅವರ ಮೂವತ್ತು ವರ್ಷಗಳ ಗಾಯನವನ್ನು ಗೌರವಿಸುವ ಕಾರ್ಯಕ್ರಮದಲ್ಲಿ ಸಭೆ ಆಕೆಯನ್ನು ಕೂಗಾಡಿ ತಡೆಯಿತು. ಆಕೆಯನ್ನು ವೇದಿಕೆಯಿಂದ ಕರೆತರುವಂತೆ ಹೇಳಿಸಿಕೊಂಡ ಕ್ರಿಸ್ಟೋಫರ್‌ಸನ್ ಹತ್ತಿರ ಹೋದರು. ಆದರೆ ಹೊರಗೆ ಕರೆದೊಯ್ಯದೆ, ಧೈರ್ಯಗೆಡಬೇಡ ಎಂಬರ್ಥದ ಮಾತನ್ನು ಆಕೆಯ ಕಿವಿಯಲ್ಲಿ ಹೇಳಿದರು. ಹಾಡಿ ಇಳಿದ ಮೇಲೆ ಅಪ್ಪಿಕೊಂಡು ಸಂತೈಸಿದರು. ಮಧ್ಯ ಅಮೆರಿಕದಲ್ಲಿ ತಮ್ಮ ದೇಶ ನಡೆಸುತ್ತಿದ್ದ ಹಸ್ತಕ್ಷೇಪವನ್ನು ಎಂಬತ್ತರ ದಶಕದಲ್ಲಿ ಹಾಡುಗಳಲ್ಲೇ ವಿರೋಧಿಸಿ ಕೇಳುಗರನ್ನು ಕಳೆದುಕೊಂಡಿದ್ದವರಿಗೆ, ಕೂಗುವ ಸಭೆಯ ಎದುರು ನಿಲ್ಲುವುದೆಂದರೇನೆಂದು ಗೊತ್ತಿತ್ತು.

ಪ್ರಶ್ನೆ: ಕೊನೆಯ ವರ್ಷಗಳಲ್ಲಿ ಅವರಿಗೆ ಮರೆವಿನ ಕಾಯಿಲೆ ಇತ್ತೇ?

ಉತ್ತರ: ನೆನಪು ಕುಂದುತ್ತಿದ್ದುದನ್ನು ಕೆಲವು ವರ್ಷ ಅಲ್ಝೈಮರ್ ಎಂದೇ ಭಾವಿಸಲಾಗಿತ್ತು. 2016ರಲ್ಲಿ ಉಣುಗು ಎಂಬ ರಕ್ತ ಹೀರುವ ಸಣ್ಣ ಜೀವಿಯ ಕಡಿತದಿಂದ ಹರಡುವ ಲೈಮ್ ರೋಗವಿರುವುದು ಪರೀಕ್ಷೆಯಲ್ಲಿ ತಿಳಿದು, ಅದಕ್ಕೆ ಚಿಕಿತ್ಸೆ ಪಡೆದ ಮೇಲೆ ಅವರು ಬಹಳಷ್ಟು ಚೇತರಿಸಿಕೊಂಡರೆಂದು ಕುಟುಂಬ ತಿಳಿಸಿತು. ಮತ್ತೆ ವೇದಿಕೆಗಳನ್ನೂ ಏರಿದರು. ನಿವೃತ್ತಿಯ ಸುದ್ದಿ 2021ರಲ್ಲಿ ಹೊರಬಿತ್ತು. 2024ರ ಸೆಪ್ಟೆಂಬರ್ 28ರಂದು, 88ನೆಯ ವಯಸ್ಸಿನಲ್ಲಿ, ಹವಾಯಿಯ ಮಾವಿ ದ್ವೀಪದ ತಮ್ಮ ಮನೆಯಲ್ಲಿ ಕುಟುಂಬದವರ ನಡುವೆ ಕೊನೆಯುಸಿರೆಳೆದರು.

ಪ್ರಶ್ನೆ: ಅವರ ಹಾಡುಗಳನ್ನು ಇದುವರೆಗೆ ಕೇಳಿಲ್ಲ. ಎಲ್ಲಿಂದ ಆರಂಭಿಸಲಿ?

ಉತ್ತರ: 'ಕ್ರಿಸ್ಟೋಫರ್‌ಸನ್' ಎಂಬ ಹೆಸರಿನ 1970ರ ಮೊದಲ ಆಲ್ಬಂನಿಂದ ಆರಂಭಿಸಿ. ಬಂದಾಗ ಅದನ್ನು ಕೊಂಡವರು ಕಡಿಮೆ; ಜಾಪ್ಲಿನ್ ಹಾಡು ಗೆದ್ದ ಮೇಲೆ ಬೇರೆ ಹೆಸರಿನಲ್ಲಿ ಮತ್ತೆ ಹೊರತಂದಾಗ ಮಾರಾಟವಾಯಿತು. ಮೊದಲು ಅವರ ಒರಟು ಧ್ವನಿಯಲ್ಲೇ ಕೇಳಿ, ಆಮೇಲೆ ಅದೇ ಹಾಡುಗಳನ್ನು ಕ್ಯಾಶ್, ಸ್ಯಾಮಿ ಸ್ಮಿತ್, ಜಾಪ್ಲಿನ್ ಅವರ ಕಂಠದಲ್ಲಿ ಕೇಳಿ. ರೇ ಪ್ರೈಸ್ ಹಾಡಿರುವ 'ಫಾರ್ ದ ಗುಡ್ ಟೈಮ್ಸ್'ನಲ್ಲಿ ಪಿಟೀಲುಗಳ ಮೇಳವೇ ಇದೆ. ಪದಗಳು ಮಾತ್ರ ಅವೇ. ಅಲ್ಲಿಂದ ನೇರವಾಗಿ 2006ರ 'ದಿಸ್ ಓಲ್ಡ್ ರೋಡ್'ಗೆ ಬನ್ನಿ. ಎಪ್ಪತ್ತರ ಹೊಸ್ತಿಲಲ್ಲಿ ಹೊರತಂದ ಆ ಆಲ್ಬಂನಲ್ಲಿ ಗಿಟಾರ್, ಹಾರ್ಮೋನಿಕಾಗಳೇ ಹೆಚ್ಚಾಗಿ ಜೊತೆಗಿವೆ, ಧ್ವನಿ ಇನ್ನಷ್ಟು ಒಡೆದಿದೆ. ರಾತ್ರಿ ಮನೆಮಂದಿ ಮಲಗಿದ ಮೇಲೆ, ಬೇರೆ ಕೆಲಸವಿಟ್ಟುಕೊಳ್ಳದೆ ಕೇಳಿ.