ಈಜು ಬಾರದವಳು ಕಡಲಜೀವಿಗಳ ಸಂಶೋಧಕಿ ಆಗಬಹುದೇ?

ಪ್ರಶ್ನೆ: ಕುಮಟಾ ಕಡೆಯವಳು ನಾನು. ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಕೊನೆಯ ವರ್ಷ. ಕಡಲಿನ ಬೆನ್ನೆಲುಬಿಲ್ಲದ ಜೀವಿಗಳ ಬಗ್ಗೆ ಸಂಶೋಧನೆ ಮಾಡುವಾಸೆ. ಅಪ್ಪ, ‘ಬಳಚು (ಚಿಪ್ಪಿನ ಜೀವಿ) ಎಣಿಸಿದ್ರೆ ಯಾರು ಸಂಬಳ ಕೊಡ್ತಾರೆ? ಬಿ.ಎಡ್. ಮಾಡು’ ಅನ್ನುತ್ತಾರೆ. ನನಗೆ ಈಜೂ ಬರುವುದಿಲ್ಲ. ಏನು ಮಾಡಲಿ?

ಉತ್ತರ: ಈಜು ಬರದಿದ್ದರೂ ಬಾಗಿಲು ಮುಚ್ಚಿಲ್ಲ. ನೀರಿಗೆ ಧುಮುಕಲೇಬೇಕಾದದ್ದು ಹವಳದಂಥ ಕೆಲವು ವಿಷಯಗಳಿಗೆ ಮಾತ್ರ. ಬಳಚು, ಕೆಸರಿನ ಹುಳುಗಳನ್ನು ಇಳಿತದ ಹೊತ್ತಿಗೆ ದಡದಲ್ಲೇ ಹುಡುಕಬಹುದು. ದೋಣಿ ಹತ್ತುವ ದಿನ ಬರುತ್ತದೆ, ಹಾಗಾಗಿ ನಿಧಾನವಾಗಿ ಕಲಿತುಕೊಳ್ಳಿ. ನಿಜವಾದ ಪರೀಕ್ಷೆ ಸೂಕ್ಷ್ಮದರ್ಶಕದ ಮುಂದೆ ತಾಸುಗಟ್ಟಲೆ ಕೂರುವುದು. ಅದನ್ನು ಈಗಲೇ ಮಾಡಿ ನೋಡಿ.

ಮಳೆಗಾಲ ಮುಗಿದ ಮೇಲೆ, ಅಮಾವಾಸ್ಯೆ ಇಲ್ಲವೇ ಹುಣ್ಣಿಮೆಯ ಆಸುಪಾಸು, ಪೂರ್ತಿ ಇಳಿತಕ್ಕೆ ಒಂದು ತಾಸು ಮುಂಚೆ ಅಳಿವೆಯ ಕೆಸರಿಗೆ ಜೊತೆಗಾರರೊಡನೆ ಹೋಗಿ. 25 ಸೆಂ.ಮೀ. ಚೌಕದಲ್ಲಿ 15 ಸೆಂ.ಮೀ. ಆಳಕ್ಕೆ ತೆಗೆದ ಮಣ್ಣನ್ನು 0.5 ಮಿ.ಮೀ. ಜರಡಿಯಲ್ಲಿ ಕಡಲ ನೀರಿನಿಂದಲೇ ತೊಳೆಯಿರಿ. ಉಳಿದದ್ದನ್ನು ನೇರವಾಗಿ ಫಾರ್ಮಲಿನ್‌ಗೆ (ಕೊಳೆಯದಂತೆ ಕಾಪಿಡುವ ದ್ರವ) ಹಾಕುವುದು ಎಲ್ಲರೂ ಮಾಡುವ ತಪ್ಪು: ಹುಳುಗಳು ಮುದುರಿ ತುಂಡಾಗುತ್ತವೆ, ಗುರುತಿಸಲು ಬೇಕಾದ ಭಾಗಗಳೆಲ್ಲ ಒಳಗೆ ಸೇರಿಕೊಳ್ಳುತ್ತವೆ. ಮೊದಲು ಮೆಗ್ನೀಸಿಯಂ ಕ್ಲೋರೈಡ್ ದ್ರಾವಣದಲ್ಲಿ (ಲೀಟರ್ ಸಿಹಿನೀರಿಗೆ ಸುಮಾರು 75 ಗ್ರಾಂ ಹರಳು) ಮಂಪರು ಬರಿಸಿ. ಆಮೇಲೆ ಒಂದು ಪಾಲು ಅಂಗಡಿಯ ಫಾರ್ಮಲಿನ್‌ಗೆ ಒಂಬತ್ತು ಪಾಲು ಕಡಲ ನೀರು, ಚಿಟಿಕೆ ಬೋರಾಕ್ಸ್. ಬೋರಾಕ್ಸ್ ಬಿಟ್ಟರೆ ದ್ರಾವಣ ಹುಳಿಯಾಗಿ ನಕ್ಷತ್ರಮೀನಿನ ಸುಣ್ಣದ ಫಲಕಗಳು ಕರಗುತ್ತವೆ. ಡಿ.ಎನ್.ಎ. ಬೇಕಿದ್ದರೆ ಫಾರ್ಮಲಿನ್ ಬೇಡವೇ ಬೇಡ, 95% ಎಥನಾಲ್. ಇದೆಲ್ಲ ಕಾಲೇಜಿನ ಪ್ರಯೋಗಾಲಯದಲ್ಲಿ, ಕೈಗವಸು ಹಾಕಿ, ಮೇಷ್ಟ್ರ ಎದುರಿಗೇ. ಕಡಲಸೌತೆ (ಸೌತೆಕಾಯಿ ಆಕಾರದ ಕಡಲಜೀವಿ), ಹವಳ ಕಂಡರೆ ಮುಟ್ಟದೆ ಫೋಟೊ ತೆಗೆಯಿರಿ. ವನ್ಯಜೀವಿ ಕಾಯ್ದೆಯಡಿ ಅವು ಸಂರಕ್ಷಿತ.

ಇಂಥ ನಾಲ್ಕು ಮಾದರಿಗಳ ಜೀವಿಗಳನ್ನು ಸೂಕ್ಷ್ಮದರ್ಶಕದಡಿ ಬೇರ್ಪಡಿಸಿದ ಮೇಲೂ ಐದನೆಯದು ಬೇಕೆನಿಸಿದರೆ ಮುಂದುವರಿಯಿರಿ. ಬೇಸರವಾದರೆ, ನಿಮಗಿರುವುದು ಕಡಲಿನ ಮೇಲಿನ ಪ್ರೀತಿ, ಈ ಕೆಲಸದ ಮೇಲಿನದಲ್ಲ.

ಅಪ್ಪನ ಪ್ರಶ್ನೆ ನ್ಯಾಯವಾದದ್ದೇ. ಕಾಯಂ ಹುದ್ದೆಗಳು ಕಡಿಮೆ. ಆದರೆ ಸಿ.ಎಸ್.ಐ.ಆರ್. ನೆಟ್ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಜೆ.ಆರ್.ಎಫ್. (ಸಂಶೋಧನಾ ವೇತನ) ಸಿಕ್ಕರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ನಂತರ 42,000. ಕಾರವಾರದ ಕೋಡಿಬಾಗದಲ್ಲೇ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗವಿದೆ, ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯೂ ದೂರವಲ್ಲ. ‘ಎಂ.ಎಸ್ಸಿ. ಎರಡು ವರ್ಷ, ಎರಡು ಸಲ ನೆಟ್, ಆಗದಿದ್ದರೆ ಬಿ.ಎಡ್.’ ಎಂದು ಅಪ್ಪನಿಗೆ ಗಡುವು ಹೇಳಿ. ಒಂದು ಎಚ್ಚರ: ಉಪನ್ಯಾಸಕ ಹುದ್ದೆಗೆ ಯಾವ ಎಂ.ಎಸ್ಸಿ. ನಡೆಯುತ್ತದೆಂದು ಹಳೆಯ ನೇಮಕಾತಿ ಅಧಿಸೂಚನೆಗಳನ್ನು ನೋಡಿಯೇ ಸೇರಿ.

ಹಾಂ, ಬಾಟಲಿಯೊಳಗೆ ಹಾಕುವ ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಎಥನಾಲ್‌ಗೆ ಕರಗಿಹೋದರೆ ಎಲ್ಲಿ, ಯಾವತ್ತು ಸಿಕ್ಕಿದ್ದೆಂದು ಹೇಳುವವರಿಲ್ಲ.