ಮೊದಲನೇದು ಸಿಸೇರಿಯನ್, ಎರಡನೇದು ನಾರ್ಮಲ್ ಆಗುತ್ತಾ?

ಅಕ್ಕಾ, ಮೊದಲನೇದು ಸಿಸೇರಿಯನ್, ಈಗ ಏಳು ತಿಂಗಳು, ಹೊಸದುರ್ಗದ ಹತ್ತಿರ ತವರಲ್ಲೇ ನಾರ್ಮಲ್‌ಗೆ ನೋಡಬಹುದಾ ಅಂತ ಕೇಳಿದ್ದೀರಿ. ಪ್ರಯತ್ನಪಟ್ಟ 100ರಲ್ಲಿ ಸುಮಾರು 60ರಿಂದ 80 ಜನಕ್ಕೆ ಆಗುತ್ತೆ. ಮೊದಲು ಹಳೇ ಡಿಸ್ಚಾರ್ಜ್ ಕಾರ್ಡ್ ಹುಡುಕಿ ಡಾಕ್ಟರಿಗೆ ತೋರಿಸಿ. ಗರ್ಭಕೋಶಕ್ಕೆ ಹಾಕಿದ ಕೊಯ್ತ ಅಡ್ಡವಾ ಉದ್ದವಾ ಅನ್ನೋದೇ ಮುಖ್ಯ, ಹೊಟ್ಟೆ ಮೇಲಿನ ಗಾಯ ನೋಡಿ ಅದು ಗೊತ್ತಾಗಲ್ಲ. ಗರ್ಭಕೋಶವನ್ನು ಮೇಲಿಂದ ಉದ್ದಕ್ಕೆ ಕೊಯ್ದಿದ್ದರೆ ನಾರ್ಮಲ್ ಆಸೆ ಬಿಟ್ಟುಬಿಡಿ. ಅಡ್ಡ ಇದ್ದರೂ ಸುಮಾರು 200ರಲ್ಲಿ ಒಬ್ಬರಿಗೆ ಗರ್ಭಕೋಶದ ಹಳೇ ಹೊಲಿಗೆ ಬಿಡೋ ಭಯ ಇದೆ. ಅದಕ್ಕೇ ಹಳ್ಳಿಯಲ್ಲಿ ಖಂಡಿತ ಬೇಡ. ರಾತ್ರಿ ಎರಡು ಗಂಟೆಗೂ ಆಪರೇಷನ್ ಥಿಯೇಟರ್, ಅರಿವಳಿಕೆ ಡಾಕ್ಟರು, ರಕ್ತ ಸಿಗೋ ಆಸ್ಪತ್ರೆ ನೋಡಿಕೊಂಡು ಈಗಿರೋ ದಾವಣಗೆರೆಯಲ್ಲೇ ಇರಿ. ಬಾಣಂತನಕ್ಕೆ ಆಮೇಲೆ ತವರಿಗೆ ಹೋದರಾಯ್ತು. ನನಗೆ ಎರಡನೇದೂ ಸಿಸೇರಿಯನ್ನೇ ಆಯ್ತು, ಮಗು ಚೆನ್ನಾಗಿದೆ.