ಪ್ರತಿಕ್ರಿಯೆ: ಮಗ್ಗದ ಸದ್ದಿನಲ್ಲಿ ಮುಳುಗಿದ ಮಾತು

ಸಂಶೋಧನೆಗಾಗಿ ನೀವು ಚಿತ್ರೀಕರಿಸಿದ ಬೆಟಗೇರಿಯ ನೇಕಾರರ ಸಂದರ್ಶನದಲ್ಲಿ ಮಾತಿಗಿಂತ ಮಗ್ಗದ ಸದ್ದೇ ಜೋರಾಗಿ ಕೇಳುತ್ತಿದೆ ಎಂದಿದ್ದೀರಿ. ಅದಕ್ಕೆ ಕಾರಣ, ಬಹುಶಃ, ನೀವು ಕ್ಯಾಮೆರಾದಲ್ಲೇ ಇರುವ ಮೈಕನ್ನು ನೆಚ್ಚಿಕೊಂಡದ್ದು. ದುಬಾರಿ ಕ್ಯಾಮೆರಾ ಕೊಂಡರೂ ಈ ದೋಷ ಹೋಗುವುದಿಲ್ಲ. ಮೊದಲು ಕಾಲರ್ ಮೈಕನ್ನು ಗದ್ದದಿಂದ ಸುಮಾರು ಒಂದು ಗೇಣು ಕೆಳಗೆ ಸಿಕ್ಕಿಸಿ, ಧ್ವನಿಮಟ್ಟ ತಾನಾಗಿ ಏರಿಳಿಯುವ ವ್ಯವಸ್ಥೆಯನ್ನು ನಿಲ್ಲಿಸಿ, ಜೋರು ಮಾತು ಧ್ವನಿಮಾಪಕದಲ್ಲಿ ಮೈನಸ್ 12 ಡೆಸಿಬಲ್ ಆಸುಪಾಸು (ಸೊನ್ನೆ ಮುಟ್ಟಿದರೆ ಧ್ವನಿ ಒಡೆಯುತ್ತದೆ) ನಿಲ್ಲುವಂತೆ ಹೊಂದಿಸಿಕೊಂಡು, ಹೆಡ್‌ಫೋನಿನಲ್ಲಿ ಕೇಳುತ್ತಲೇ ಚಿತ್ರೀಕರಿಸಿರಿ. ದೀರ್ಘ ಮಾತುಕತೆಗೆ ಊಟದ ಬಿಡುವೇ ಲೇಸು. ನೇಕಾರರ ದುಡಿಮೆ ಕೆಡಿಸಿ ಮಗ್ಗ ನಿಲ್ಲಿಸಬೇಡಿರಿ, ಏಕೆಂದರೆ ನೇಯುತ್ತ ಆಡಿದ ಮಾತೂ ಸಂಶೋಧನೆಗೆ ಬೇಕಾದದ್ದೇ (ನನಗಂತೂ ಅದೇ ಹೆಚ್ಚು ಉಪಯೋಗಕ್ಕೆ ಬಂದಿದೆ). ಬಳಿಕ ಮಗ್ಗದ ಸದ್ದನ್ನೂ ಖಾಲಿ ಕೋಣೆಯ ಮೌನವನ್ನೂ ತಲಾ 1 ನಿಮಿಷ ಪ್ರತ್ಯೇಕವಾಗಿ ಮುದ್ರಿಸಿಕೊಂಡರೆ ಸಂಕಲನದಲ್ಲಿ ಜೋಡಣೆ ಸುಲಭ. ಈಗಾಗಲೇ ಮುದ್ರಿಸಿದ್ದು ಎಷ್ಟು ಸರಿಹೋದೀತೆಂದು ಆ ಧ್ವನಿಯನ್ನು ಕೇಳದೆ ಹೇಳಲಾರೆ. ಅಸ್ಪಷ್ಟವಾದಲ್ಲಿ ಉಪಶೀರ್ಷಿಕೆ ಹಾಕಿರಿ.